ಬೂದಿಕೋಟೆ ಸೀಮೆಯ ಜಲಕೀಟದಂಶದ ಬಹುಮುಖಿ ನೆಲೆಗಳು: ಒಂದು ಪುನರವಲೋಕನ

1. ಪೀಠಿಕೆ

ಕಚ್ಚಿಸಿಕೊಂಡವನ ಬಾಯಿಂದ ಹೊರಡುವ ‘ಅಯ್ಯಯ್ಯಪ್ಪೋ’ ಎಂಬ ಉದ್ಗಾರವನ್ನು ಸೈದ್ಧಾಂತಿಕ ಚೌಕಟ್ಟಿನೊಳಗೆ ಕೂರಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಯತ್ನ. ಹೈದರಾಲಿ ಹುಟ್ಟಿದ ಊರೆಂದು ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ಚರಿತ್ರೆಕಾರರು ಕೊಂಡಾಡಿದ್ದಾರೆ. ಸುತ್ತಲ ಕೆರೆಗಳಿಗೆ, ಮಾರ್ಕಂಡೇಯ ಜಲಾಶಯದ ಅಂಚಿಗೆ ಇಳಿದವರ ಕಾಲ್ಬೆರಳಿನ ಕುರಿತು ಮಾತ್ರ ಪೂರ್ವಸೂರಿಗಳು ಮೌನ. ಈ ಮೌನವೇ ನಮ್ಮ ಸಂಶೋಧನಾ ಅವಕಾಶ. ಅನುದಾನಕ್ಕೂ ಅದೇ ಆಧಾರ.

2. ದಂಶಕರ್ತೃವಿನ ಅಸ್ಮಿತೆ

ದೈತ್ಯ ನೀರುತಿಗಣೆ, ಲೆಥೋಸೆರಸ್ ಇಂಡಿಕಸ್. ಉದ್ದ 6ರಿಂದ 8 ಸೆಂಟಿಮೀಟರ್. ಮೀನುಮರಿಯನ್ನೋ ಕಪ್ಪೆಯನ್ನೋ ಮುಂಗಾಲಲ್ಲಿ ತಬ್ಬಿ, ಕೊಕ್ಕು ಚುಚ್ಚಿ ಜೊಲ್ಲು ಬಿಡುತ್ತದೆ. ಒಳಗಿನ ಮಾಂಸ ಕರಗಿ ಗಂಜಿಯಾದ ಮೇಲೆ ಹೀರುತ್ತದೆ. ಮನುಷ್ಯ ಅದರ ಊಟವಲ್ಲ. ತುಳಿದರೆ, ಹಿಡಿದರೆ ಕಚ್ಚುತ್ತದೆ, ಅಷ್ಟೆ. ಉರಿ ಗಂಟೆಗಟ್ಟಲೆ ಇದ್ದರೂ ಸಾಮಾನ್ಯವಾಗಿ ಪ್ರಾಣಭಯವಿಲ್ಲ, ಹಾಗಾಗಿ ಪರಿಹಾರಧನವೂ ಇಲ್ಲ. ನೀರಿಂದೆತ್ತಿದರೆ ಸತ್ತಂತೆ ಬಿದ್ದಿರುತ್ತದೆ. (ಕೆರೆ ಒತ್ತುವರಿಯ ಕಡತಗಳಿಗೂ ಈ ಕಲೆ ಗೊತ್ತು, ಅವು ಮತ್ತೆ ಏಳುವುದಿಲ್ಲ.)

3. ವರ್ಗೀಕರಣ

(ಅ) ಪಾದಾಂಗುಲಿಕೇಂದ್ರಿತ ದಂಶ. (ಆ) ಕರತಲಾಶ್ರಿತ ದಂಶ: ಇಲ್ಲಿ ನೀರುಚೇಳನ್ನೂ, ಅಂಗಾತ ಈಜುತ್ತ ಜೇನಿನಂತೆ ಚುಚ್ಚುವ ನೊಟೊನೆಕ್ಟಿಡೇ ಕುಟುಂಬದವನ್ನೂ ಸೇರಿಸಿದೆ. (ಇ) ಆಸನಾಧಾರಿತ ದಂಶ: ಕ್ಷೇತ್ರಕಾರ್ಯಕ್ಕೆ ಯಾರೂ ಒಪ್ಪಲಿಲ್ಲ. ‘ಈ’ಯಿಂದ ‘ಳ’ವರೆಗೆ ಓದುಗರೇ ತುಂಬಿಕೊಳ್ಳಲಿ, ನನಗೆ ಸಾಕಾಯಿತು.

4. ವಸಾಹತೋತ್ತರ ಪರಿಪ್ರೇಕ್ಷ್ಯ

ನೀರುತಿಗಣೆ ದೀಪಕ್ಕೆ ಹಾರಿಬರುವ ಹುಳ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂತು. ಆದಕಾರಣ ಆಧುನಿಕತೆಯ ಆದ್ಯ ಫಲಾನುಭವಿ ಈ ಕೀಟವೇ. ಸಾಲದಿದ್ದರೆ ಅಡಿಟಿಪ್ಪಣಿ ಹಾಕೋಣ.

5. ಉಪ

ಉಪಸಂಹಾರವಂತೆ! ಕಚ್ಚಿಸಿಕೊಳ್ಳಲು ಕೆರೆಯಲ್ಲಿ ನೀರಿರಬೇಡವೇ? ಜಿಲ್ಲೆಯ ಎರಡು ಸಾವಿರಕ್ಕೂ ಮಿಕ್ಕ ಕೆರೆಗಳಲ್ಲಿ ಎಷ್ಟಕ್ಕೆ ಹೂಳು ತುಂಬಿತು, ಎಷ್ಟರ ರಾಜಕಾಲುವೆ ಮುಚ್ಚಿತು! ನೀಲಗಿರಿ ನೆಟ್ಟೆವು, ಸಾವಿರ ಅಡಿಗೂ ಬೋರು ಇಳಿಸಿದೆವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಬಂತು: ಬೆಂಗಳೂರು ಬಳಸಿ ಬಿಟ್ಟ ಕೊಳಚೆ, ಎರಡೇ ಹಂತದ ಶುದ್ಧೀಕರಣ, ನಮ್ಮ ಕೆರೆಗೆ. ಮೂರನೇ ಹಂತ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಇದರ ಮೇಲಿನ ವಿಚಾರಸಂಕಿರಣದಲ್ಲಿ ವಿದ್ವಾಂಸರ ಮುಂದೆ ಬಾಟಲಿ ನೀರು!

ಆ ಮಹನೀಯರು ಚಪ್ಪಲಿ ಬಿಟ್ಟು ಕೆರೆಗಿಳಿಯಲಿ. ತಿಗಣೆ ಕಚ್ಚಿದರೆ ನಾನೇ ಹಾರ ಹಾಕುತ್ತೇನೆ. ಅದರ ಹೊಟ್ಟೆಗೆ ಮೀನು, ಕಪ್ಪೆ ಇನ್ನೂ ಉಳಿದಿವೆ ಎಂದಾಯಿತು. ಕಚ್ಚದಿದ್ದರೆ ಅದನ್ನೇ ವರದಿಯಲ್ಲಿ ಬರೆಯಲಿ, ಒಂದೇ ವಾಕ್ಯದಲ್ಲಿ, ಪರಿಪ್ರೇಕ್ಷ್ಯವಿಲ್ಲದೆ.