ವೃಕಶೃಂಗಾರ ಮೀಮಾಂಸೆ: ಸಹೃದಯ ಪ್ರಕರಣ

ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಮಾಲೆಯಲ್ಲಿ ಜೇಕಬ್ ಬ್ಲ್ಯಾಕ್ ಎಂಬ ಹುಡುಗ ಸಿಟ್ಟು ನೆತ್ತಿಗೇರಿದರೆ ತೋಳವಾಗುತ್ತಾನೆ. ಅವನು ಏನಾದನೆಂಬುದು ಇಲ್ಲಿ ಗೌಣ. ಅದನ್ನು ಓದಿದವರು ಏನಾದರೆಂಬುದೇ ಪ್ರಮೇಯ. ಪರೀಕ್ಷಕರು ಯಾವ ಪ್ರಬಂಧವನ್ನೂ ಕೊನೆಯವರೆಗೆ ಓದುವುದಿಲ್ಲವಾದ್ದರಿಂದ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇವೆ: ಸಹೃದಯನು ತೋಳವನ್ನು ಸಲೀಸಾಗಿ ನುಂಗುತ್ತಾನೆ, ಅದರ ಚಡ್ಡಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಚಡ್ಡಿಯ ಪ್ರಶ್ನೆ ಲಘುವಲ್ಲ. ಮೈ ಉಬ್ಬಿ ತೋಳವಾಗುವಾಗ ಬಟ್ಟೆ ಚಿಂದಿಯಾಗುತ್ತದೆ. ಮರಳಿ ಮನುಷ್ಯನಾದಾಗ ಗತಿಯೇನು? ಲೇಖಕಿ ಈ ಪೂರ್ವಪಕ್ಷವನ್ನು ಮೊದಲೇ ಕಂಡುಕೊಂಡು, ಜೇಕಬ್‌ನ ಕಾಲಿಗೆ ಒಂದು ದಾರ ಕಟ್ಟಿ, ಚಡ್ಡಿಯನ್ನು ಅದಕ್ಕೆ ಸಿಕ್ಕಿಸಿಕೊಂಡು ಓಡುವ ವ್ಯವಸ್ಥೆ ಮಾಡಿದ್ದಾರೆ. ಮೂಳೆ ಕರಗಿ ಪಂಜ ಮೂಡುವುದಕ್ಕೆ ಕೊಡದ ಸಮಜಾಯಿಷಿಯನ್ನು ಚಡ್ಡಿಗೆ ಕೊಡಬೇಕಾಯಿತು. ಸಿದ್ಧಾಂತಕ್ಕೆ ಇದೇ ಪ್ರಥಮ ಪ್ರಮಾಣ.

ಇನ್ನು ರಸವಿಚಾರ. 'ಎಕ್ಲಿಪ್ಸ್' (2007) ಕಾದಂಬರಿಯ ಡೇರೆ ಪ್ರಸಂಗ: ಹೊರಗೆ ಹಿಮಗಾಳಿ, ಒಳಗೆ ಹಲ್ಲು ಕಟಕಟಿಸುವ ನಾಯಕಿ ಬೆಲ್ಲಾ. ಪ್ರಿಯಕರ ಎಡ್ವರ್ಡ್ ರಕ್ತಪಿಶಾಚಿ, ಮುಟ್ಟಿದರೆ ಮಂಜುಗಡ್ಡೆ. ತೋಳಹುಡುಗನ ಮೈಶಾಖವಾದರೋ 108 ಡಿಗ್ರಿ ಫ್ಯಾರನ್‌ಹೀಟ್ ಮೀರಿದ್ದು. ಆದಕಾರಣ ಅವನು ಅವಳ ಸ್ಲೀಪಿಂಗ್ ಬ್ಯಾಗಿನೊಳಕ್ಕೆ ಹೊಕ್ಕು ಬೆಚ್ಚಗಿಡುತ್ತಾನೆ. ನಾಯಕನು ಅದೇ ಡೇರೆಯ ಮೂಲೆಯಲ್ಲಿ ಕೂತು ಸಹಿಸುತ್ತಾನೆ. ಬೆಳದಿಂಗಳು, ಮಂದಮಾರುತಗಳ ಶಾಸ್ತ್ರೋಕ್ತ ಪಟ್ಟಿಯಲ್ಲಿ ಇಂಥ ಉದ್ದೀಪನ ವಿಭಾವವಿಲ್ಲ; ಹತ್ತಿರದ್ದೆಂದರೆ ಬಿಸಿನೀರಿನ ಚೀಲ. ಓದುಗರು ಮಾತ್ರ ಜ್ವರವನ್ನು ಪ್ರಶ್ನಿಸದೆ ಟೀಮ್ ಎಡ್ವರ್ಡ್, ಟೀಮ್ ಜೇಕಬ್ ಎಂದು ಒಡೆದು ನಿಂತರು. ದ್ವೈತಿಗಳೂ ಅದ್ವೈತಿಗಳೂ ಶತಮಾನಗಟ್ಟಲೆ ವಾದಿಸಿದ್ದಾರೆ, ಆದರೆ ಟಿ-ಶರ್ಟ್ ಹಾಕಿಸಿರಲಿಲ್ಲ.

'ಬ್ರೇಕಿಂಗ್ ಡಾನ್' 2008ರ ಆಗಸ್ಟ್‌ನಲ್ಲಿ ಬಂತು. ಅಮೆರಿಕದಲ್ಲಿ ಮೊದಲ ದಿನವೇ 13 ಲಕ್ಷ ಪ್ರತಿ ಖರ್ಚು. ಅದರಲ್ಲಿ ಜೇಕಬ್‌ಗೆ ಜನ್ಮದ ಜೋಡಿ ಎಂದು ವಿಧಿ ಗಂಟುಹಾಕುವುದು ಬೆಲ್ಲಾಳ ಹಸುಗೂಸನ್ನು. ನಿನ್ನೆ ಬೇಡಿದವಳು ನಾಳೆ ಅತ್ತೆ! ಮಗು ಬೆಳೆಯುವವರೆಗೆ ಅವನು ಬರೀ ಅಣ್ಣ, ಕಾವಲುಗಾರ ಎಂದು ಕಾದಂಬರಿ ಎಷ್ಟು ಹೇಳಿದರೂ ಬಹಳ ಮಂದಿ ಒಪ್ಪಲಿಲ್ಲ. ನಾವೂ ಒಪ್ಪೆವು. ಆಲಂಕಾರಿಕರು ಇದನ್ನು ರಸಾಭಾಸವೆಂದು ಬರೆದಿಟ್ಟು ಸುಮ್ಮನಾಗುತ್ತಿದ್ದರು. ಈ ಓದುಗರು ಪುಸ್ತಕವನ್ನು ಸುಡಬೇಡಿ, ಅಂಗಡಿಗೇ ಹಿಂತಿರುಗಿಸಿ ಎಂದು ಕರೆಕೊಟ್ಟರು. ರಸ ಹುಟ್ಟದಿದ್ದರೆ ದುಡ್ಡು ವಾಪಸು ಎಂಬ ಈ ಮತ ಅಭಿನವಗುಪ್ತನಿಗೂ ಹೊಳೆದಿರಲಿಲ್ಲ.

ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಇದಕ್ಕಿಂತ ನಯವಾದ ಏರ್ಪಾಡಿದೆ. ಗಂಡನ ರೂಪದಲ್ಲಿ ಬರುವ ನಾಗನ ಕಥೆ ಮುಗಿದಾಗ, ಕೇಳಲು ಕೂತ ದೀಪದ ಜ್ವಾಲೆಗಳು ತಕರಾರು ತೆಗೆಯುತ್ತವೆ. ನಾಟಕದೊಳಗೇ ಇನ್ನೊಂದು ಅಂತ್ಯ ಸಿಗುತ್ತದೆ. ಅಂಗಡಿಯ ರಸೀದಿ ಬೇಕಿಲ್ಲ.

ಇತ್ತ 'ಬ್ರೇಕಿಂಗ್ ಡಾನ್'ನ ಕೊನೆಗೆ, ಪಿಶಾಚಿಗಳ ಪಂಚಾಯಿತಿಯಲ್ಲಿ, ಜೇಕಬ್‌ನ ಬಳಗದವರು ಹುಣ್ಣಿಮೆಯ ನರತೋಳಗಳೇ ಅಲ್ಲ, ಬರೀ ರೂಪ ಬದಲಿಸುವವರು, ತೋಳದ ರೂಪ ಆಕಸ್ಮಿಕ ಎಂದು ಇತ್ಯರ್ಥವಾಗುತ್ತದೆ. ಈ ಮಹತ್ತರ ಲಕ್ಷಣ ನಿರೂಪಣೆಗೆ ಯಾರೂ ಪುಸ್ತಕ ಹಿಂತಿರುಗಿಸಲು ಹೇಳಲಿಲ್ಲವೆಂಬುದು ದ್ವಿತೀಯ ಪ್ರಮಾಣ.

ಪರಿಶಿಷ್ಟವಾಗಿ ಒಂದು ಮಾತು. ಜೇಕಬ್‌ನ ಕ್ವಿಲ್ಯೂಟ್ ಬುಡಕಟ್ಟು ಕಲ್ಪನೆಯಲ್ಲ. ವಾಷಿಂಗ್ಟನ್ ರಾಜ್ಯದ ಲಾ ಪುಶ್ ಎಂಬ ಕಡಲೂರಿನಲ್ಲಿ ಬಾಳುತ್ತಿರುವ ಜನ. ಅವರ ಮೂಲಕಥೆಯಲ್ಲಿ ತೋಳಗಳು ಮನುಷ್ಯರಾದವು. ಕಾದಂಬರಿಯಲ್ಲಿ ದಿಕ್ಕು ಉಲ್ಟಾ, ಪಿಶಾಚಿಗಳ ಜೊತೆಗಿನ ಜಗಳ ಲೇಖಕಿಯದು. ಅಭಿಮಾನಿಗಳು ತೋಳ ಹುಡುಕುತ್ತ ಅಲ್ಲಿಗೂ ಬಂದರು. ಊರವರ ಚಿಂತೆ ಬೇರೆ: ಅವರ ಶಾಲೆ ಇದ್ದದ್ದು ಸುನಾಮಿ ಬಡಿಯಬಹುದಾದ ಜಾಗದಲ್ಲಿ. ಎತ್ತರದ ನೆಲ ಅವರಿಗೆ ದಕ್ಕಿದ್ದು 2012ರ ಕಾನೂನಿನಿಂದ. ಇದಕ್ಕೆಂದು ಟಿ-ಶರ್ಟ್ ಹಾಕಿಸಿದ ಸಹೃದಯರು ಪ್ರಕೃತ ಸಂಶೋಧಕರ ಕಣ್ಣಿಗೆ ಬಿದ್ದಿಲ್ಲ.