ಮುಹೂರ್ತದ ಹೆಲಿಕಾಪ್ಟರ್

(ಊರ್ಡಿಗೆರೆಯ ಟೀ ಅಂಗಡಿ. ಮರಿ ಪುಢಾರಿ, ರೈತ ತಾತ.)

ಪುಢಾರಿ: ತಾತ, ನಾಳೆ ನಿಮ್ಮ ಹೊಲದಾಗೆ ಸಾಹೇಬ್ರ ಹೆಲಿಕಾಪ್ಟರ್ ಇಳೀತದೆ!

ತಾತ: ಪ್ಲಾಸ್ಟಿಕ್ ಕಸ ಎತ್ಸಿದ್ಯಾ? 2023ರ ಮಾರ್ಚ್‌ನಾಗೆ ಜೇವರ್ಗೀಲಿ ಅದೇ ಹಾರಾಡಿ, ಯಡಿಯೂರಪ್ಪೋರ ಹೆಲಿಕಾಪ್ಟರ್ ಇಳೀದೆ ಮೇಲಕ್ಕೇ ಹೋಯ್ತು.

ಪುಢಾರಿ: ಕಸದ ಮೇಲೆ ಹೂವು ಚೆಲ್ತೀವಿ.

ತಾತ: ಅದೇ ವರ್ಷದ ಮೇನಲ್ಲಿ ಹೊಸಕೋಟೆ ಹತ್ರ ಹದ್ದು ಬಡಿದು ಡಿ.ಕೆ. ಶಿವಕುಮಾರ್ ಹೆಲಿಕಾಪ್ಟರ್ ಗಾಜು ಒಡೀತು.

ಪುಢಾರಿ: ವಿರೋಧ ಪಕ್ಷದ ಹದ್ದಿರಬೇಕು!

ತಾತ: ಬಾಡೂಟದ ಮೂಳೆ ಬಯಲಿಗೆ ಎಸೆದ್ರೆ ಎಲ್ಲಾ ಪಕ್ಷದ ಹದ್ದೂ ಬರ್ತವೆ. ಮಂಜು ಕವಿದ್ರೆ?

ಪುಢಾರಿ: ಪೈಲಟ್ ಬೇಡ ಅಂದ್ರೂ ಮುಹೂರ್ತ ಮೀರಂಗಿಲ್ಲ.

ತಾತ: ದೇವರಾಯನದುರ್ಗದ ಬೆಟ್ಟ ಪಂಚಾಂಗ ನೋಡಲ್ಲ ಮಗಾ. 2009ರಲ್ಲಿ ಕೆಟ್ಟ ಹವೆಯಾಗೆ ಹಾರಿ ಆಂಧ್ರದ ಮುಖ್ಯಮಂತ್ರೀನೇ ಹೋದ್ರು. ನಮ್ಮ ಗುಬ್ಬಿ ಎಚ್‌ಎಎಲ್ ಕಾರ್ಖಾನೇಲಿ ಹೆಲಿಕಾಪ್ಟರ್ ಮಾಡ್ತಾರೆ, ಬುದ್ಧಿ ಮಾಡಲ್ಲ. ಹಾರೋದಾ ಬಿಡೋದಾ, ಪೈಲಟ್ ಹೇಳಿದ್ದೇ ಕೊನೇ ಮಾತು.