ರಜಾಮೀಮಾಂಸೆ ಅಥವಾ ಪ್ರವಾಸಕ್ಷೋಭಾನಿವಾರಣ ಪ್ರಕರಣ

ವಿಘ್ನನಿವಾರಕನಾದ ಗಣಪತಿಯನ್ನು ಮೊದಲಾಗಿಯೂ ವಿಘ್ನಕಾರಕರಾದ ಮೇಲಧಿಕಾರಿಗಳನ್ನು ತರುವಾಯವೂ ಸ್ಮರಿಸಿ, ಪ್ರವಾಸಕ್ಕೆ ಹೊರಡಬೇಕೆಂಬ ಸಂಕಲ್ಪವು ಮನಸ್ಸಿನಲ್ಲಿ ಮೊಳೆತ ಕ್ಷಣದಿಂದ ಮೊದಲ್ಗೊಂಡು, ಊರಿಗೆ ಮರಳಿ ಒಗೆಯಬೇಕಾದ ಬಟ್ಟೆಗಳ ರಾಶಿಯ ಮುಂದೆ ಮೌನವಾಗಿ ನಿಲ್ಲುವವರೆಗೆ ಮನುಷ್ಯನನ್ನು ಬಾಧಿಸುವ ಚಿತ್ತವಿಕಾರವಾವುದುಂಟೋ, ಯಾವುದನ್ನು ಪಾಮರರು ತಲೆಬಿಸಿಯೆಂದೂ ಪಂಡಿತರು ಪ್ರವಾಸಪೂರ್ವೋತ್ತರಮನಃಕ್ಷೋಭೆಯೆಂದೂ ವ್ಯವಹರಿಸುವರೋ, ಅದರ ಲಕ್ಷಣ, ಭೇದ, ನಿದಾನ, ಚಿಕಿತ್ಸೆಗಳನ್ನು ನಿರೂಪಿಸುವುದಕ್ಕಾಗಿ ಈ ಪ್ರಕರಣವನ್ನು ಆರಂಭಿಸುತ್ತೇನೆ. ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ಹೇಳಬೇಕೆಂಬುದು ಶಿಷ್ಟಾಚಾರ. ಮೊದಲ ಮೂರು ಸುಗಮ. ನಾಲ್ಕನೆಯದರಲ್ಲಿ ಮಾತ್ರ ಸ್ವಲ್ಪ ತೊಡಕಿದೆ: ಶಾಸ್ತ್ರದಲ್ಲಿ ಅಧಿಕಾರಿಯೆಂದರೆ ಗ್ರಂಥವನ್ನೋದಲು ಅರ್ಹನಾದವನು, ಕಚೇರಿಯಲ್ಲಿ ಅಧಿಕಾರಿಯೆಂದರೆ ಅರ್ಜಿಯನ್ನು ಓದದೆ ಇಟ್ಟುಕೊಳ್ಳಲು ಅರ್ಹನಾದವನು. ಪ್ರಕೃತದಲ್ಲಿ ಎರಡನೆಯ ಅರ್ಥವೇ ಬಲವತ್ತರವಾಗುವುದನ್ನು ಮುಂದೆ ಕಾಣಬಹುದು.

ಗ್ರಂಥರಚನೆಗೆ ನಿಮಿತ್ತವೇನೆಂದು ಕೇಳುವಿರಾದರೆ, ಒಂದಾನೊಂದು ಎರಡನೆಯ ಶನಿವಾರ, ಅಂದರೆ ಸರ್ಕಾರವೇ ರಜೆಯೆಂದು ಒಪ್ಪಿಕೊಂಡಿರುವ ದಿನ, ನಮ್ಮೆಲ್ಲರನ್ನೂ ಬೆಳಿಗ್ಗೆ ಒಂಬತ್ತೂವರೆಗೆ ಸಭಾಂಗಣವೊಂದರಲ್ಲಿ ಕೂಡಿಸಿ, ರಜೆಯನ್ನು ನಿರಾತಂಕವಾಗಿ ಅನುಭವಿಸುವುದು ಹೇಗೆಂಬುದರ ಬಗ್ಗೆ ಸಂಜೆ ಐದರವರೆಗೆ ಕಾರ್ಯಾಗಾರ ನಡೆಸಿದರು. ಹಾಜರಿ ಕಡ್ಡಾಯ. ಸಂಪನ್ಮೂಲ ವ್ಯಕ್ತಿಯೆಂಬ ಬಿರುದಿನಿಂದ ವಿಭೂಷಿತರಾದ ಮಹನೀಯರೊಬ್ಬರು ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ಮೂಡಿಸುತ್ತ, ಆದ್ಯತಾ ಚೌಕಟ್ಟು, ಸ್ವ-ಆರೈಕೆಯ ಕಾರ್ಯತಂತ್ರ, ಸಬಲೀಕೃತ ವಿರಾಮ, ಮನೋಧಾರಣಕ್ಷಮತೆಯ ಸಂವರ್ಧನೆ ಎಂಬ ಶಬ್ದಗಳನ್ನು ಭಟ್ಟಿ ಇಳಿಸಿ, ಕಟ್ಟಕಡೆಗೆ, ಅರುವತ್ತು ದಿನ ಮೊದಲೇ ಯೋಜನೆ ಮಾಡಿಕೊಳ್ಳದವನು ತನ್ನ ಒತ್ತಡಕ್ಕೆ ತಾನೇ ಹೊಣೆಯೆಂಬ ಸಿದ್ಧಾಂತವನ್ನು ಪ್ರತಿಷ್ಠಾಪಿಸಿದರು. ಆ ಹೊತ್ತಿಗೆ ನಮ್ಮ ಸಾಲಿನಲ್ಲಿ ಕುಳಿತಿದ್ದವರ ಪೈಕಿ ನಾಲ್ವರ ರಜಾ ಅರ್ಜಿಗಳು, ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಿದ್ದವರ ಮೇಜಿನ ಮೇಲೆ ತಿಂಗಳಿನಿಂದ ತಪಸ್ಸು ಮಾಡುತ್ತಿದ್ದುವು.

ಇನ್ನು ಲಕ್ಷಣವಿಚಾರ. ಹೊರಡುವ ಮುನ್ನ ಉಂಟಾಗುವ ದುಃಖವೇ ಪ್ರವಾಸಕ್ಷೋಭೆಯೆಂದರೆ ಅವ್ಯಾಪ್ತಿದೋಷ ಬರುತ್ತದೆ. ಏಕೆಂದರೆ ಬಸ್ಸು ಚಾರ್ಮಾಡಿ ಘಾಟಿಯ ನಡುವೆ ಬಳುಕುತ್ತಿರುವಾಗ, ಗ್ಯಾಸಿನ ಒಲೆಯನ್ನು ಆರಿಸಿದೆನೋ ಇಲ್ಲವೋ ಎಂದು ಹುಟ್ಟುವ ಸಂಶಯ ಆ ಲಕ್ಷಣದೊಳಕ್ಕೆ ಬರುವುದಿಲ್ಲ. ಸಾಮಾನು ಕಟ್ಟುವಾಗಿನ ದುಃಖವೆಂದರೆ ಅತಿವ್ಯಾಪ್ತಿ. ಬಾಡಿಗೆಯ ಮನೆ ಬಿಡುವವನಿಗೂ ಅದು ಸಲ್ಲುತ್ತದೆ. ಯೋಜನಾರಾಹಿತ್ಯದಿಂದ ಹುಟ್ಟುವ ದುಃಖವೆಂಬ ಸಂಪನ್ಮೂಲರ ಲಕ್ಷಣವಾದರೋ ಅಸಂಭವದೋಷದಿಂದ ದೂಷಿತವಾದದ್ದು. ಲಕ್ಷ್ಯದಲ್ಲೆಲ್ಲಿಯೂ ಅದು ಕಾಣಸಿಗದು. ಯಾವ ಮನೆಯನ್ನಾದರೂ ಹೊಕ್ಕು ನೋಡಿ. ಹಾಲಿನವನಿಗೆ ಬೇಡವೆಂದು ಹೇಳಿ, ತುಳಸಿಗೆ ನೀರೆರೆಯಲು ಪಕ್ಕದ ಮನೆಯವರನ್ನು ಒಪ್ಪಿಸಿ, ದಾರಿಗೆ ಚಪಾತಿ, ಚಟ್ನಿಪುಡಿ, ಪುಳಿಯೋಗರೆಗಳನ್ನು ಕಟ್ಟಿ, ಮಾವನವರ ಮಾತ್ರೆಗಳನ್ನು ದಿನವಾರು ಪೊಟ್ಟಣಗಳಾಗಿ ವಿಂಗಡಿಸಿ, ಎಲ್ಲಕ್ಕೂ ಪಟ್ಟಿ ಬರೆದಿಟ್ಟಿರುವಾಕೆಯೇ ಆ ಮನೆಯಲ್ಲಿ ಅತ್ಯಂತ ಕ್ಷುಬ್ಧೆಯಾಗಿರುತ್ತಾಳೆ. ಏನೊಂದನ್ನೂ ಯೋಜಿಸದೆ, ಬೂಟು ಹಾಕಿಕೊಂಡು, ಇನ್ನೂ ಎಷ್ಟು ಹೊತ್ತು ಎಂದು ಬಾಗಿಲಲ್ಲಿ ನಿಂತಿರುವ ಯಜಮಾನನೇ ಪರಮಶಾಂತನು.

ಕ್ಷೋಭೆಯೆಂಬುದು ಭಾವಪದಾರ್ಥವಲ್ಲ, ವಿಶ್ರಾಂತಿಯ ಅಭಾವವೇ ಅದು ಎಂದು ನೈಯಾಯಿಕರ ಜಾಡಿನಲ್ಲಿ ಸಾಧಿಸಬಹುದು. ಅಭಾವವು ನಾಲ್ಕು ಬಗೆಯಾದ್ದರಿಂದ ಕ್ಷೋಭೆಯೂ ನಾಲ್ಕು ಬಗೆ. ಹೊರಡುವುದಕ್ಕೆ ಮುಂಚೆ, ಹದಿನೈದು ದಿನದ ಕಡತಗಳನ್ನು ಮೂರು ದಿನದಲ್ಲಿ ಮುಗಿಸುವಾಗ ವಿಶ್ರಾಂತಿಯು ಇನ್ನೂ ಹುಟ್ಟಿರದಿರುವುದು ಪ್ರಾಗಭಾವ. ಭಾನುವಾರ ರಾತ್ರಿಯ ಬಸ್ಸಿನಲ್ಲಿ ಕುಳಿತೇ ನಿದ್ರಿಸಿ ಸೋಮವಾರ ಬೆಳಿಗ್ಗೆ ನೇರವಾಗಿ ಕಚೇರಿಯ ಮೆಟ್ಟಿಲು ಹತ್ತುವಾಗ, ಹುಟ್ಟಿದ್ದ ಅಲ್ಪವಿಶ್ರಾಂತಿಯೂ ನಾಶವಾಗುವುದು ಪ್ರಧ್ವಂಸಾಭಾವ. ವಿಶ್ರಾಂತಿಯು ಪ್ರವಾಸವಲ್ಲ, ಪ್ರವಾಸವು ವಿಶ್ರಾಂತಿಯಲ್ಲ ಎಂಬುದು ಅನ್ಯೋನ್ಯಾಭಾವ. ಇದಕ್ಕೆ ಉದಾಹರಣೆ, ಬಾಡಿಗೆಯ ಟೆಂಪೋ ಟ್ರಾವೆಲರಿನಲ್ಲಿ ಹದಿನಾಲ್ಕು ಮಂದಿ ಬಂಧುಗಳು ಮೂರು ದಿನಗಳೊಳಗೆ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡುಗಳನ್ನು ಮುಗಿಸುವುದು. ಆ ಯಾತ್ರೆಯಲ್ಲಿ ಶೃಂಗೇರಿಯ ತುಂಗೆಯ ಮೀನುಗಳನ್ನು ನಾನು ಕೈಗಡಿಯಾರದ ಸಮೇತ ನೋಡಿದೆನು, ಅವುಗಳಿಗೆ ಅವಸರವಿರಲಿಲ್ಲ. ಕೊನೆಯದಾದ ಅತ್ಯಂತಾಭಾವವನ್ನು ಮುಂದೆ ಹೇಳಲಾಗುವುದು. ಈ ನಾಲ್ಕರಲ್ಲಿ ಒಂದೊಂದಕ್ಕೂ ದೇಶ, ಕಾಲ, ಪಾತ್ರ, ವಾಹನಭೇದದಿಂದ ನಾಲ್ನಾಲ್ಕು ಉಪಭೇದಗಳಾಗಿ ಹದಿನಾರೂ, ಅವು ಪುನಃ ಸಾತ್ತ್ವಿಕ, ರಾಜಸ, ತಾಮಸಗಳಾಗಿ ನಲವತ್ತೆಂಟೂ ಆಗುವುವಾದರೂ ಗ್ರಂಥವಿಸ್ತರಭೀತಿಯಿಂದ, ನಿಜ ಹೇಳಬೇಕೆಂದರೆ ಬೇಸರದಿಂದ, ಬಿಟ್ಟಿದೆ.

ಈಗ ನಿರುಕ್ತಿ. ರಜೆಯೆಂಬ ಶಬ್ದವು ರಜಸ್ಸೆಂಬ ಸಂಸ್ಕೃತ ಶಬ್ದದಿಂದ ಬಂದದ್ದೆಂದೂ, ರಜಸ್ಸೆಂದರೆ ಧೂಳಾದ್ದರಿಂದ ರಸ್ತೆಯ ಧೂಳು ಕುಡಿಯುವುದೇ ಅದರ ಮುಖ್ಯಾರ್ಥವೆಂದೂ, ರಜೋಗುಣವು ಚಾಂಚಲ್ಯಕಾರಕವಾದ್ದರಿಂದ ಕ್ಷೋಭೆಯು ಅದರ ಸಹಜಧರ್ಮವೆಂದೂ ಒಂದು ಪಕ್ಷವನ್ನು ಕಟ್ಟಿ ನಾನು ಬಹಳ ಹೆಮ್ಮೆಯಿಂದಿದ್ದೆನು. ಆದರೆ ಆ ಶಬ್ದದ ಮೂಲ ಅರಬ್ಬಿಯಲ್ಲಿದೆ. ಫಾರಸಿಯ ದಾರಿಯಾಗಿ ಆಡಳಿತದ ಜೊತೆಯಲ್ಲಿ ನಮ್ಮಲ್ಲಿಗೆ ಬಂದದ್ದು. ಅಲ್ಲಿ ಅದರ ಅರ್ಥ ಒಪ್ಪಿಗೆ, ಸಮ್ಮತಿ ಎಂದು. ಇದನ್ನು ತಿಳಿದಂದಿನಿಂದ ನನ್ನ ಪಾಂಡಿತ್ಯದ ವಿನೋದವೆಲ್ಲ ಇಳಿದುಹೋಯಿತು. ನಾವು ವಿರಾಮಕ್ಕೆ ಇಟ್ಟುಕೊಂಡಿರುವ ಹೆಸರಿನಲ್ಲಿ ವಿರಾಮದ ಸುಳಿವೇ ಇಲ್ಲ. ಇರುವುದು ಇನ್ನೊಬ್ಬರ ಒಪ್ಪಿಗೆ.

ಆ ಒಪ್ಪಿಗೆಯ ಗಣಿತವನ್ನು ಕೊಂಚ ಪರಿಶೀಲಿಸೋಣ. 2024ರ ನವೆಂಬರಿನಿಂದೀಚೆಗೆ ರೈಲಿನ ಮುಂಗಡ ಕಾದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಅದಕ್ಕೆ ಹಿಂದೆ 120 ದಿನವಿತ್ತು. ರಜೆ ಮಂಜೂರಾಗುವುದು, ಆಗುವುದಾದರೆ, 2 ದಿನ ಮೊದಲು. ಕಳೆದರೆ ಉಳಿಯುವ ಶೇಷ 58. ಇದನ್ನೇ ಕ್ಷೋಭಾಶೇಷವೆಂದು ಕರೆಯತಕ್ಕದ್ದು. ಶ್ರವಣಬೆಳಗೊಳದ ಗೊಮ್ಮಟನ ಎತ್ತರವೂ 58 ಅಡಿಯೇ ಆಗಿರುವುದು ಕೇವಲ ಕಾಕತಾಳೀಯವೆಂದು ಅಲ್ಪಜ್ಞರು ಭಾವಿಸಬಹುದು. ಎಲ್ಲವನ್ನೂ ತ್ಯಜಿಸಿ ಅಲುಗಾಡದೆ ನಿಂತವನಿಗೆ ಮಾತ್ರ ಆ ಶೇಷವು ಸಹ್ಯವೆಂಬುದು ನನ್ನ ವ್ಯಾಖ್ಯಾನ. ಈ 58 ದಿನವೂ ಅರ್ಜಿದಾರನು ಆಗಾಗ್ಗೆ ಒಳಗೆ ಹೋಗಿ ಕೈಕಟ್ಟಿ ನಿಲ್ಲುತ್ತಾನೆ. ಒಳಗಿನಿಂದ ಬರುವ ಉತ್ತರ ಒಂದೇ ಪದ: ನೋಡೋಣ. ಕನ್ನಡದಲ್ಲಿ ಇಷ್ಟು ಮೃದುವಾದ, ಇಷ್ಟು ಸಭ್ಯವಾದ, ಇಷ್ಟು ಕ್ರೂರವಾದ ಪದ ಮತ್ತೊಂದಿಲ್ಲ. ಇಲ್ಲವೆಂದರೆ ಮನುಷ್ಯ ಮನೆಗೆ ಹೋಗಿ ಮಕ್ಕಳಿಗೆ ಹೇಳಿ ಹಗುರಾಗುತ್ತಾನೆ. ಆಗಲಿಯೆಂದರೆ ಟಿಕೆಟ್ಟು ತೆಗೆಸುತ್ತಾನೆ. ನೋಡೋಣವೆಂದರೆ ಅವನು ಮಾಡುವುದಾದರೂ ಏನು? ಟಿಕೆಟ್ಟಿಲ್ಲದೆ ಯೋಜಿಸುವುದೇ, ಯೋಜನೆಯಿಲ್ಲದೆ ಟಿಕೆಟ್ಟು ತೆಗೆಯುವುದೇ? ಇಂಥವನನ್ನು ಶನಿವಾರ ಕೂಡಿಹಾಕಿ, ಯೋಜನಾಸಾಮರ್ಥ್ಯ ನಿನ್ನಲ್ಲಿಲ್ಲವೆಂದು ಬೋಧಿಸುವವರಿಗೆ ನಾಚಿಕೆಯಾಗಬೇಡವೆ?

ಕ್ಷಮಿಸಬೇಕು, ಶಾಸ್ತ್ರಗ್ರಂಥದಲ್ಲಿ ಈ ಧ್ವನಿ ಸಲ್ಲದು. ಚಿಕಿತ್ಸಾಪ್ರಕರಣಕ್ಕೆ ಬರುತ್ತೇನೆ.

ಪ್ರಾಚೀನರು ಪ್ರಯಾಣದ ಅಡ್ಡಿಗಳನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಶುಕ್ರವಾರ ಮತ್ತು ಭಾನುವಾರ ಪಶ್ಚಿಮಕ್ಕೆ ವಾರಶೂಲೆಯೆಂದು ಅವರು ಎಂದೋ ಹೇಳಿದ್ದಾರೆ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಮಲೆನಾಡಿಗೆ ಹೊರಟವರು ನೆಲಮಂಗಲದ ಬಳಿ ಸಾಲುಗಟ್ಟಿ ನಿಂತಿರುವುದನ್ನು ಕಂಡವರಿಗೆ ಆ ಮಾತಿನ ಪ್ರಾಮಾಣ್ಯದಲ್ಲಿ ಸಂದೇಹ ಹುಟ್ಟಲಾರದು. ಅವರು ಪರಿಹಾರವನ್ನೂ ಕಂಡುಕೊಂಡಿದ್ದರು. ಒಳ್ಳೆಯ ಮುಹೂರ್ತದಲ್ಲಿ ತಾನು ಹೊರಡಲಾಗದವನು ತನ್ನದೊಂದು ವಸ್ತುವನ್ನು ಹೋಗುವ ದಿಕ್ಕಿನ ಒಂದು ಮನೆಯಲ್ಲಿ ಮುಂಚಿತವಾಗಿ ಇಟ್ಟುಬರುವುದು. ಪ್ರಸ್ಥಾನವೆಂದು ಇದರ ಹೆಸರು. ಚೀಲ ಹೊರಟಿತೆಂದರೆ ಒಡೆಯನೂ ಹೊರಟಂತೆಯೇ. ಆದರೆ ಇಟ್ಟ ಪ್ರಸ್ಥಾನಕ್ಕೆ ಅವಧಿಯುಂಟು: ರಾಜನಿಗೆ 10 ರಾತ್ರಿ, ಸಾಮಂತನಿಗೆ 7, ಉಳಿದವರಿಗೆ 5. ಗುಮಾಸ್ತರು ಉಳಿದವರಲ್ಲಿ ಸೇರುತ್ತಾರೆ.

ನಮ್ಮ ತಂದೆಯವರು ಗುಮಾಸ್ತರಾಗಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ, ಮಳೆಗಾಲದಲ್ಲಿ ಜೋಗವನ್ನು ನೋಡಬೇಕೆಂಬುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಮೇಲೆ ಶರಾವತಿ ಆ 830 ಅಡಿಗಳನ್ನು ಮೈತುಂಬ ಇಳಿಯುವುದು ಆಷಾಢ ಶ್ರಾವಣಗಳ ಮಳೆಯಲ್ಲಷ್ಟೆ; ಆ ದಿನಗಳಲ್ಲಿಯೇ ವಿಧಾನಮಂಡಲದ ಮಳೆಗಾಲದ ಅಧಿವೇಶನವೂ ಕೂಡುತ್ತದೆ, ಅಧಿವೇಶನವಿರುವಾಗ ಯಾರಿಗೂ ರಜೆಯಿಲ್ಲ. ಒಂದು ವರ್ಷ ಅವರು ಧೈರ್ಯಮಾಡಿ, ಶುಕ್ರವಾರದ ಶೂಲೆಯನ್ನು ತಪ್ಪಿಸಲೆಂದು ಗುರುವಾರವೇ ಒಂದು ಶಾಲು, ಒಂದು ಚೊಂಬು ಇದ್ದ ಚೀಲವನ್ನು ಬೀದಿಯ ಪಡುವಣ ತುದಿಯ ಮೇಷ್ಟ್ರ ಮನೆಯಲ್ಲಿ ಪ್ರಸ್ಥಾನವಾಗಿ ಇಟ್ಟುಬಂದರು. ಸಾಹೇಬರು ನೋಡೋಣವೆಂದರು. ಐದು ರಾತ್ರಿ ಕಳೆದುವು; ಅಧಿವೇಶನವೂ ಮುಗಿಯಿತು, ಮಳೆಯೂ ಮುಗಿಯಿತು. ದೀಪಾವಳಿಯಲ್ಲಿ ಮೇಷ್ಟ್ರ ಹೆಂಡತಿ ಚೀಲವನ್ನು ಬರಿದಾಗಿ ಕೊಡಬಾರದೆಂದು ಕಜ್ಜಾಯ ತುಂಬಿ ತಂದುಕೊಟ್ಟರು. ಹೀಗೆ ಉಳಿದು ಉಳಿದು ನಿವೃತ್ತಿಯ ದಿನ ತಂದೆಯವರ ಲೆಕ್ಕದಲ್ಲಿ 300 ದಿನಗಳ ಗಳಿಕೆ ರಜೆಯಿತ್ತು. ನಿಯಮದ ಗರಿಷ್ಠ ಅಷ್ಟೆ, ಅದಕ್ಕೆ ಮೇಲ್ಪಟ್ಟದ್ದು ಲೆಕ್ಕಕ್ಕಿಲ್ಲದೆ ಹೋಯಿತು. ಸರ್ಕಾರ ಅದನ್ನು ಹಣವಾಗಿ ಕೊಟ್ಟಿತು, ಪೈಸೆ ತಪ್ಪದೆ. ಆ ಹಣದಿಂದ ಹೆಂಚು ತೆಗೆಸಿ ತಾರಸಿ ಹಾಕಿಸಿದೆವು. ಆ ಮುನ್ನೂರು ದಿನಗಳ ಕೆಳಗೆ ನಾವೀಗ ಮಲಗುತ್ತೇವೆ. ವಿಶ್ರಾಂತಿಯ ಅತ್ಯಂತಾಭಾವಕ್ಕೆ ಬೇರೆ ಉದಾಹರಣೆ ನನಗೆ ದೊರೆಯಲಿಲ್ಲ.

ನಿವೃತ್ತಿಯ ನಂತರ ಒಂದು ಫೆಬ್ರುವರಿಯಲ್ಲಿ ಯಾರದೋ ಮದುವೆಯ ನೆಪದಲ್ಲಿ ಸಾಗರಕ್ಕೆ ಹೋಗಿ ಜೋಗವನ್ನು ಕಂಡರು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರುಗಳಿದ್ದುವು. ಬಂಡೆಯ ಮೇಲೆ ಎರಡು ಬಿಳಿಯ ಎಳೆಗಳಿದ್ದುವು. ಬಹಳ ಹೊತ್ತು ನೋಡಿ, "ಪರವಾಗಿಲ್ಲಪ್ಪ, ಇದಕ್ಕಾದರೂ ರಜೆ ಮಂಜೂರಾಗಿದೆಯಲ್ಲ" ಎಂದರು.

ಈ ವರ್ಷ ನನ್ನ ಅರ್ಜಿಯಿದೆ. ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ನಮ್ಮ ತಿಪಟೂರಿನ ಮೇಲೆಯೇ ಹಾದುಹೋಗುತ್ತದೆ. ನಾವು ಹೊರಡಬೇಕಾದದ್ದು ನಾಳೆ, ಮಂಗಳವಾರ. ಸ್ಲೀಪರಿನ ತತ್ಕಾಲ್ ಇಂದು ಬೆಳಿಗ್ಗೆ 11 ಗಂಟೆಗೆ ತೆರೆಯುತ್ತದೆ. ಅರ್ಜಿಯ ವಿಷಯವನ್ನು ತಂದೆಯವರಿಗೆ ನಾನು ಹೇಳಿರಲಿಲ್ಲ. ಹೇಗೆ ತಿಳಿಯಿತೋ, ಕಳೆದ ಗುರುವಾರ ಕೋಲೂರಿಕೊಂಡು ಬೀದಿಯ ತುದಿಗೆ ಹೋಗಿ ಬಂದಿದ್ದಾರೆ. ಮೇಷ್ಟ್ರು ಈಗಿಲ್ಲ, ಅವರ ಸೊಸೆ ಚೀಲವನ್ನು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾಳಂತೆ. ಇಂದಿಗೆ ನಾಲ್ಕು ರಾತ್ರಿಯಾಯಿತು.